ಬೆಕ್ಕಿನ ಚರ್ಮರೋಗ: ಮದ್ದು ಹುಡುಕುವ ಮೊದಲು ಜಾಗ ನೋಡಿ

ಬೆಕ್ಕಿನ ಬೆನ್ನ ಮೇಲೆ ಕೂದಲು ತೆಳುವಾಗಿ ಸಣ್ಣ ಸಣ್ಣ ಹಕ್ಕಳೆ ಎದ್ದಿದ್ದರೆ ಅದಕ್ಕೆ ಚಿಗಟ ಕಾರಣ ಇರಬಹುದು, ನುಸಿ ಇರಬಹುದು, ಶಿಲೀಂಧ್ರ ಇರಬಹುದು, ದಿನಾ ತಿನ್ನುವ ಮೀನೇ ಮೈಗೆ ಒಗ್ಗದೆ ಹೋಗಿರಲೂಬಹುದು. ಕಣ್ಣಿಗೆ ಕಾಣುವುದು ಮಾತ್ರ ಒಂದೇ ಥರದ ಹಕ್ಕಳೆ. ತೊಡಕಿರುವುದೇ ಇಲ್ಲಿ. ಬೆಕ್ಕಿಗೆ ತುರಿಕೆ ತರುವ ಕಾರಣಗಳು ಹತ್ತಾರು. ಚರ್ಮದ ಮೇಲೆ ಅವು ಕಾಣಿಸಿಕೊಳ್ಳುವ ಬಗೆ ಹೆಚ್ಚೂಕಡಿಮೆ ನಾಲ್ಕೇ. ಕೈಯಾಡಿಸಿದರೆ ತರಿತರಿಯಾಗಿ ಸಿಗುವ ಹಕ್ಕಳೆ, ನೆಕ್ಕಿ ನೆಕ್ಕಿ ಬೋಳಾದ ಜಾಗ, ತಲೆ-ಕುತ್ತಿಗೆಯನ್ನು ಕೆರೆದು ಮಾಡಿಕೊಂಡ ಗಾಯ, ತುಟಿ, ಹೊಟ್ಟೆ, ತೊಡೆಗಳ ಮೇಲೆ ದಪ್ಪಗೆ ಕೆಂಪಾಗಿ ಏಳುವ ಹುಣ್ಣು. ಹಾಗಾಗಿ ಗಾಯ ಹೇಗಿದೆ ಎಂದು ನೋಡಿ ಮೆಡಿಕಲ್ ಶಾಪಿನಲ್ಲಿ ಮುಲಾಮು ಕೇಳಿದರೆ ಗುರಿ ತಪ್ಪುವುದೇ ಹೆಚ್ಚು. ಮೈಯ ಯಾವ ಭಾಗದಲ್ಲಿ ಶುರುವಾಯಿತು, ಮನೆಯಲ್ಲಿ ಇನ್ಯಾರಿಗೆ ತುರಿಕೆ ಇದೆ, ಮಳೆಗಾಲಕ್ಕೆ ಬಂದದ್ದೋ ವರ್ಷವಿಡೀ ಇರುವುದೋ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬೆಕ್ಕು ಒಂದೇ ಕಡೆ ಇರುವ ಪ್ರಾಣಿಯಲ್ಲ. ಬೆಳಿಗ್ಗೆ ದನದ ಕೊಟ್ಟಿಗೆ, ಮಧ್ಯಾಹ್ನ ಕಾಫಿ ಕಣ, ಸಂಜೆ ತೋಟದ ಅಂಚು, ರಾತ್ರಿ ಅಟ್ಟದ ಮೇಲಿನ ಗೋಣಿಚೀಲ. ಪೇಟೆಯಲ್ಲಿ ಪರ್ಷಿಯನ್ ಬೆಕ್ಕನ್ನು ಮನೆಯೊಳಗೇ ಸಾಕುವವರ ಸಮಸ್ಯೆ ಬೇರೆ, ಸಕಲೇಶಪುರ-ಮೂಡಿಗೆರೆ ಕಡೆಯ ಎಸ್ಟೇಟ್ ಬೆಕ್ಕಿನ ಸಮಸ್ಯೆ ಬೇರೆ. ಎರಡಕ್ಕೂ ಸಲ್ಲುವ ಒಂದು ಮಾತಿದೆ: ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು, ಒಂದು ಜೀವ ಉಳಿಯಬಹುದು.

ನೆಕ್ಕುವುದೂ ಕೆರೆತವೇ

"ನಮ್ಮ ಬೆಕ್ಕು ಕೆರೆದುಕೊಳ್ಳುವುದೇ ಇಲ್ಲ, ಸುಮ್ಮನೆ ಕೂದಲು ಉದುರುತ್ತಿದೆ" ಎಂಬ ಮಾತು ತುಂಬಾ ಕೇಳಿಬರುತ್ತದೆ. ನಾಯಿಗೆ ತುರಿಸಿದರೆ ಅದು ಎಲ್ಲರ ಎದುರೇ ಕೆರೆದುಕೊಳ್ಳುತ್ತದೆ. ಬೆಕ್ಕು ನೆಕ್ಕುತ್ತದೆ, ಅದೂ ಮರೆಯಲ್ಲಿ. ಅದರ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ. ಒಂದೇ ಜಾಗವನ್ನು ಮತ್ತೆ ಮತ್ತೆ ನೆಕ್ಕಿದರೆ ಕೂದಲು ಬುಡದಲ್ಲೇ ತುಂಡಾಗುತ್ತದೆ. ಹೊಟ್ಟೆ, ಒಳತೊಡೆ, ಪಕ್ಕೆಗಳು ಎರಡೂ ಕಡೆ ಒಂದೇ ಸಮನಾಗಿ ಬೋಳಾಗಿ, ಚರ್ಮದಲ್ಲಿ ಕೆಂಪೂ ಇಲ್ಲ ಗಾಯವೂ ಇಲ್ಲ ಎಂದಾದರೆ ಮೊದಲು ನೆಕ್ಕುವುದನ್ನೇ ಅನುಮಾನಿಸಬೇಕು.

ಉದುರಿದ್ದೋ ನೆಕ್ಕಿದ್ದೋ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಪಶುವೈದ್ಯರು ಬೋಳು ಜಾಗದ ಅಂಚಿನಿಂದ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತುದಿ ಸಣ್ಣಗೆ ಚೂಪಾಗಿದ್ದರೆ ಕೂದಲು ತಾನೇ ಉದುರುತ್ತಿದೆ. ತುದಿ ಮುರಿದು ಮೊಂಡಾಗಿದ್ದರೆ ಬೆಕ್ಕು ನೆಕ್ಕುತ್ತಿದೆ, ಅಂದರೆ ಅದಕ್ಕೆ ತುರಿಕೆ ಅಥವಾ ನೋವು ಇದೆ. ನೋವು ಎಂದದ್ದಕ್ಕೆ ಕಾರಣವಿದೆ: ಮೂತ್ರಕೋಶದಲ್ಲಿ ಉರಿ ಇರುವ ಬೆಕ್ಕು ಕೆಳಹೊಟ್ಟೆಯನ್ನೇ ನೆಕ್ಕಿ ಬೋಳು ಮಾಡಿಕೊಳ್ಳುತ್ತದೆ.

ಇಂಥ ಬೆಕ್ಕುಗಳಿಗೆ "ಮನಸ್ಸಿನ ಒತ್ತಡ" ಎಂಬ ಹಣೆಪಟ್ಟಿ ಬೇಗ ಬೀಳುತ್ತದೆ. ಮನೆ ಬದಲಾಯಿತು, ಮಗು ಹುಟ್ಟಿತು, ಅದಕ್ಕೇ ನೆಕ್ಕುತ್ತಿದೆ ಎಂದು ನಾವೂ ಸಮಾಧಾನ ಮಾಡಿಕೊಳ್ಳುತ್ತೇವೆ. 2006ರಲ್ಲಿ ಅಮೆರಿಕದ ಪಶುವೈದ್ಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ ಹೀಗೆ ಮಾನಸಿಕ ಕಾರಣವೆಂದು ಕಳಿಸಿದ್ದ 21 ಬೆಕ್ಕುಗಳನ್ನು ಪೂರ್ತಿ ಪರೀಕ್ಷೆಗೆ ಒಳಪಡಿಸಿತು. 16 ಬೆಕ್ಕುಗಳಲ್ಲಿ ದೇಹದ ಕಾಯಿಲೆಯೇ ಸಿಕ್ಕಿತು, ಹೆಚ್ಚಿನವುಗಳಲ್ಲಿ ಆಹಾರ ಅಥವಾ ಬೇರೆ ಅಲರ್ಜಿ. ಬರೀ ಮಾನಸಿಕ ಎನ್ನಬಹುದಾಗಿದ್ದವು ಎರಡೇ. ಒತ್ತಡ ಸುಳ್ಳಲ್ಲ, ಆದರೆ ಅದು ಕೊನೆಯಲ್ಲಿ ಬರಬೇಕಾದ ಉತ್ತರ.

ಸೊಂಟದಿಂದ ಬಾಲದ ಬುಡ: ಚಿಗಟ

ಬೆನ್ನಿನ ಹಿಂಭಾಗ, ಬಾಲದ ಬುಡ, ತೊಡೆಯ ಹಿಂಬದಿ, ಕುತ್ತಿಗೆಯ ಸುತ್ತ ಹಕ್ಕಳೆ ಇದ್ದರೆ ಚಿಗಟ ಇಲ್ಲವೆಂದು ಖಚಿತವಾಗುವವರೆಗೆ ಅದನ್ನು ಚಿಗಟವೆಂದೇ ಎಣಿಸಬೇಕು. ಬಾಚಿದರೆ ಒಂದೂ ಸಿಗಲಿಲ್ಲ ಎನ್ನುವುದು ಸಾಕ್ಷಿಯಲ್ಲ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ಬೆಕ್ಕು ಎಷ್ಟು ನೆಕ್ಕುತ್ತದೆಂದರೆ ಮೈಮೇಲಿನ ಚಿಗಟಗಳನ್ನೆಲ್ಲ ತಾನೇ ನುಂಗಿಬಿಟ್ಟಿರುತ್ತದೆ. ಅಂಥ ಬೆಕ್ಕಿಗೆ ಒಂದೆರಡು ಕಡಿತವೇ ವಾರಗಟ್ಟಲೆ ತುರಿಸಲು ಸಾಕು.

ಹಲ್ಲು ಒತ್ತೊತ್ತಾಗಿರುವ ಹೇನು ಬಾಚಣಿಗೆ ತೆಗೆದುಕೊಂಡು ಬಾಲದ ಬುಡದಲ್ಲಿ ಬಾಚಿ. ಸಿಕ್ಕ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿ ಬೆರಳಿನಿಂದ ಒತ್ತಿ. ಮಣ್ಣಾದರೆ ಮಣ್ಣಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತಲೂ ಕೆಂಪು-ಕಂದು ಬಣ್ಣ ಬಿಡುತ್ತದೆ, ಏಕೆಂದರೆ ಅದು ಜೀರ್ಣವಾದ ರಕ್ತ. ಮನೆಯವರ ಕಾಲ ಗಿಣ್ಣಿನ ಸುತ್ತ ಕೆಂಪು ಗುಳ್ಳೆ ಸಾಲಾಗಿ ಎದ್ದಿದ್ದರೆ, ಬೆಕ್ಕಿನ ಗುದದ ಬಳಿ ಅಕ್ಕಿಕಾಳಿನಷ್ಟು ಗಾತ್ರದ ಬಿಳಿ ತುಣುಕುಗಳು ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಆ ತುಣುಕುಗಳು ಲಾಡಿಹುಳುವಿನವು, ಚಿಗಟ ನುಂಗಿದ ಬೆಕ್ಕಿಗೆ ಬರುವಂಥವು. ಹಾಗಿದ್ದಲ್ಲಿ ಹುಳುವಿನ ಔಷಧಿಯನ್ನೂ ಕೊಡಿಸಬೇಕು.

ಚಿಗಟದ ವಿಷಯದಲ್ಲಿ ಜನ ಸೋಲುವುದು ಬೆಕ್ಕಿನ ಮೈಮೇಲಲ್ಲ, ಮನೆಯಲ್ಲಿ. ಒಂದು ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಯವರೆಗೆ ಇಡಬಲ್ಲದು. ಮೊಟ್ಟೆ ಕೂದಲಿಗೆ ಅಂಟಿಕೊಳ್ಳುವುದಿಲ್ಲ; ಬೆಕ್ಕು ಮಲಗಿದಲ್ಲೆಲ್ಲ ಉದುರುತ್ತದೆ. ಮರಿಹುಳು ಬೆಳಕಿಗೆ ಹೆದರಿ ಚಾಪೆಯ ಅಡಿ, ಹಲಗೆಯ ಸಂದು, ಗೋಣಿಚೀಲದ ಮಡಿಕೆ ಸೇರುತ್ತದೆ. ಆಮೇಲೆ ಗೂಡು ಕಟ್ಟಿಕೊಂಡು ತಿಂಗಳುಗಟ್ಟಲೆ ಒಳಗೆ ಕಾಯಬಲ್ಲದು. ಪ್ರಾಣಿಯ ಓಡಾಟದ ಅದುರು, ಮೈಶಾಖ ತಾಗಿದ ಕೂಡಲೇ ಹೊರಬರುತ್ತದೆ. ಗಾಳಿಯಲ್ಲಿ ತೇವಾಂಶ ಶೇ. 50ಕ್ಕಿಂತ ಕಡಿಮೆಯಾದರೆ ಮೊಟ್ಟೆ, ಮರಿಹುಳುಗಳು ಒಣಗಿ ಸಾಯುತ್ತವೆ. ಅರಸೀಕೆರೆ, ಕಡೂರಿನ ಬೇಸಿಗೆ ನಮಗೆ ಅಷ್ಟರ ಮಟ್ಟಿಗೆ ನೆರವಾಗುತ್ತದೆ. ಮಲೆನಾಡಿನ ಕಡೆ ಆ ನೆರವೂ ಇಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಇಲ್ಲವೇ ಇಲ್ಲ.

ಆದ್ದರಿಂದ ಬೆಕ್ಕಿಗೆ ಒಂದು ಸಲ ಔಷಧಿ ಹಾಕಿ, ವಾರದ ಮೇಲೆ ಮತ್ತೆ ಚಿಗಟ ಕಂಡರೆ "ಔಷಧಿ ಸರಿಯಿಲ್ಲ" ಎಂದು ಬಿಡಬೇಡಿ. ಅವು ಗೂಡಿನಿಂದ ಹೊಸದಾಗಿ ಎದ್ದು ಬಂದವು. ಮನೆಯ ಎಲ್ಲ ಬೆಕ್ಕು, ನಾಯಿಗಳಿಗೂ ಒಟ್ಟಿಗೆ, ಪಶುವೈದ್ಯರು ಹೇಳಿದ ಅಂತರದಲ್ಲಿ, ಕನಿಷ್ಠ ಮೂರು ತಿಂಗಳು ಬಿಡದೆ ಹಾಕಬೇಕು. ಬೆಕ್ಕಿನ ಕತ್ತಿನ ಹಿಂಭಾಗದಲ್ಲಿ, ನಾಲಿಗೆಗೆ ಎಟುಕದ ಜಾಗದಲ್ಲಿ ಬಿಡುವ ಫಿಪ್ರೊನಿಲ್, ಸೆಲಮೆಕ್ಟಿನ್ ಹನಿಗಳು ಬೆಕ್ಕಿಗೆಂದೇ ತಯಾರಾಗಿ ಸಿಗುತ್ತವೆ. ಅದು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಗೋಣಿಚೀಲವಾದರೆ ಬಿಸಿಲು ಬಿದ್ದ ದಿನ ಕೊಡವಿ ಒಣಗಿಸಿ, ಹಳತಾಗಿದ್ದರೆ ಸುಟ್ಟುಬಿಡಿ.

ಮರಿಗಳ ವಿಷಯದಲ್ಲಿ ಮಾತ್ರ ಕಾಯಬೇಡಿ. ಮೈತುಂಬ ಚಿಗಟವಿರುವ ಪುಟ್ಟ ಮರಿ ರಕ್ತ ಕಡಿಮೆಯಾಗಿಯೇ ಸಾಯುತ್ತದೆ. ಒಸಡು ಬಿಳಿಚಿಕೊಂಡಿದೆಯೇ ನೋಡಿ. ಬಿಳಿಚಿದ್ದರೆ ಅದೇ ದಿನ ಆಸ್ಪತ್ರೆಗೆ. ಎರಡು ತಿಂಗಳೊಳಗಿನ ಮರಿಗೆ ಹೆಚ್ಚಿನ ಹನಿ ಔಷಧಿಗಳು ಆಗುವುದಿಲ್ಲ, ವೈದ್ಯರನ್ನು ಕೇಳದೆ ಹಾಕಬಾರದು. ಬಾಚಣಿಗೆಯಲ್ಲಿ ತೆಗೆದು ಸೋಪುನೀರಿನ ಬಟ್ಟಲಿಗೆ ಬಿಡುವುದನ್ನು ಮಾತ್ರ ಯಾವ ವಯಸ್ಸಿನ ಮರಿಗೂ ಮಾಡಬಹುದು.

ಕಿವಿ ಮತ್ತು ಮುಖ

ಬೆಕ್ಕು ತಲೆ ಒದರುತ್ತಿದೆ, ಹಿಂಗಾಲಿನಿಂದ ಕಿವಿಯ ಹಿಂದೆ ಕೆರೆದು ರಕ್ತ ಬರಿಸಿಕೊಂಡಿದೆ, ಕಿವಿ ಮಡಚಿ ನೋಡಿದರೆ ಒಳಗೆ ಕಾಫಿ ಸೋಸಿದ ಮೇಲೆ ಉಳಿಯುವ ಚರಟದಂಥ ಒಣ ಕಪ್ಪು ಕೊಳೆ. ಇದು ಕಿವಿನುಸಿ. ಮರಿಗಳಲ್ಲಿ ತೀರಾ ಸಾಮಾನ್ಯ, ತಾಯಿಯಿಂದ ಮರಿಗೆ, ಬೆಕ್ಕಿನಿಂದ ನಾಯಿಗೆ ದಾಟುತ್ತದೆ. ಕಡ್ಡಿಗೆ ಹತ್ತಿ ಸುತ್ತಿ ಕಿವಿಯೊಳಗೆ ಹಾಕಬೇಡಿ, ಕೊಳೆ ಇನ್ನೂ ಒಳಕ್ಕೆ ಹೋಗಿ ಕೂರುತ್ತದೆ, ತಮಟೆಗೂ ಪೆಟ್ಟಾಗಬಹುದು. ವೈದ್ಯರು ಕೊಳೆಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ನೋಡಿದರೆ ನುಸಿ ಓಡಾಡುವುದು ಕಾಣಿಸುತ್ತದೆ. ಸೆಲಮೆಕ್ಟಿನ್‌ನಂಥ ಹನಿಯಲ್ಲೇ ಬಹುಪಾಲು ವಾಸಿಯಾಗುತ್ತದೆ.

ಊರಿನವರು "ಕಜ್ಜಿ ಹಿಡಿದ ಬೆಕ್ಕು" ಎಂದು ಹತ್ತಿರ ಸೇರಿಸದೆ ಓಡಿಸುವುದು ಇನ್ನೊಂದು ನುಸಿ ಹತ್ತಿದ ಬೆಕ್ಕನ್ನು. ಇದು ಕಿವಿಯ ಅಂಚಿನಲ್ಲಿ ಶುರುವಾಗಿ ಹಣೆ, ಕಣ್ಣಿನ ಮೇಲ್ಭಾಗ, ಕುತ್ತಿಗೆಗೆ ಇಳಿಯುತ್ತದೆ. ಬೆಕ್ಕು ಮುಖ ಒರೆಸಿಕೊಳ್ಳುವ ಮುಂಗಾಲಿಗೂ ಹಬ್ಬುತ್ತದೆ. ಚರ್ಮ ದಪ್ಪವಾಗಿ, ಸುಕ್ಕುಗಟ್ಟಿ, ಬೂದುಬಣ್ಣದ ಹೊರಪದರ ಕಟ್ಟುತ್ತದೆ. ತುರಿಕೆ ಎಷ್ಟಿರುತ್ತದೆಂದರೆ ಅದು ಊಟ, ನಿದ್ದೆ ಬಿಟ್ಟು ಕೆರೆಯುತ್ತದೆ. ಹಿಡಿದವರಿಗೂ ತೋಳು, ಹೊಟ್ಟೆಯ ಮೇಲೆ ಗುಳ್ಳೆ ಏಳಬಹುದು. ಆದರೆ ಈ ನುಸಿ ಮನುಷ್ಯರ ಚರ್ಮದಲ್ಲಿ ಸಂತಾನ ಬೆಳೆಸಲಾರದು, ಬೆಕ್ಕು ವಾಸಿಯಾದ ಮೇಲೆ ನಮ್ಮದೂ ತಾನಾಗಿ ಹೋಗುತ್ತದೆ. ನೋಡಲು ಇಷ್ಟು ಭೀಕರವಾದ ಈ ರೋಗ ಸರಿಯಾದ ಔಷಧಿಗೆ ಬಹಳ ಬೇಗ ಬಗ್ಗುತ್ತದೆ. ಸಾಯಲಿ ಎಂದು ಬಿಟ್ಟ ಬೆಕ್ಕು ಕೆಲವೇ ವಾರಗಳಲ್ಲಿ ಹೊಸ ಕೂದಲು ಬೆಳೆಸಿಕೊಂಡು ಓಡಾಡಬಲ್ಲದು. ಅದನ್ನು ಓಡಿಸಿದರೆ ಪಕ್ಕದ ಲೈನ್ ಮನೆಯ ಬೆಕ್ಕಿಗೆ ಹತ್ತಿಸಿದಂತೆ, ಅಷ್ಟೆ.

ಮಕ್ಕಳ ತೋಳಿನ ಮೇಲೂ ಉಂಗುರ ಕಂಡರೆ

ಮರಿಯ ಮುಖ, ಕಿವಿ, ಮುಂಗಾಲಿನ ಮೇಲೆ ಕೂದಲು ಮುರಿದು ದುಂಡಗೆ ಬೋಳಾಗಿ, ಬೂದಿ ಉದುರಿದಂಥ ಹೊಟ್ಟು ಕಾಣಿಸಿದರೆ, ಅದೇ ಹೊತ್ತಿಗೆ ಮನೆಯ ಮಗುವಿನ ತೋಳಿನಲ್ಲೋ ಕತ್ತಿನಲ್ಲೋ ಅಂಚು ಕೆಂಪಾದ ಉಂಗುರ ಎದ್ದಿದ್ದರೆ ಅದು ಹುಳುಕಡ್ಡಿ. ಇದನ್ನು ತರುವುದು ಹುಳವಲ್ಲ, ಶಿಲೀಂಧ್ರ. ಬೆಕ್ಕುಗಳಲ್ಲಿ ಹೆಚ್ಚಾಗಿ ಮೈಕ್ರೋಸ್ಪೋರಮ್ ಕೇನಿಸ್ ಎಂಬುದು. ಉದ್ದ ಕೂದಲಿನ ಪರ್ಷಿಯನ್‌ಗಳಿಗೆ ಇದು ಬೇಗ ಹತ್ತುತ್ತದೆ, ಕೂದಲ ಮರೆಯಲ್ಲಿ ಗೊತ್ತಾಗದೆಯೂ ಇರುತ್ತದೆ. ಮೈಮೇಲೆ ಏನೂ ಕಾಣದ ಬೆಕ್ಕೂ ರೋಗ ಹರಡಬಲ್ಲದು.

ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದಲ್ಲಿ ಸೋಂಕಿದ ಕೂದಲು ಎಳೆ ಹಸಿರಾಗಿ ಹೊಳೆಯುತ್ತದೆ, ಆದರೆ ಎಲ್ಲ ಸಲವೂ ಹೊಳೆಯುವುದಿಲ್ಲ. ಹೊಳೆಯಲಿಲ್ಲ ಎಂದಾಕ್ಷಣ ರೋಗವಿಲ್ಲ ಎನ್ನಲಾಗದು. ಖಚಿತವಾಗಬೇಕಾದರೆ ಕೂದಲನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕು, ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಗಟ್ಟಿಮುಟ್ಟಾದ ಬೆಕ್ಕಿನಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಮಾಯುವುದುಂಟು. ಹಾಗೆಂದು ಸುಮ್ಮನಿದ್ದರೆ ಅಷ್ಟರೊಳಗೆ ಮನೆಯೆಲ್ಲ ಬೀಜಕಣ ಹರಡಿರುತ್ತದೆ, ಅದು ವರ್ಷಕ್ಕೂ ಮೀರಿ ಜೀವಂತವಾಗಿರಬಲ್ಲದು. ಬಾಯಿಗೆ ಕೊಡುವ ಇಟ್ರಾಕೊನಜೋಲ್‌ನಂಥ ಔಷಧಿ, ಜತೆಗೆ ಮೈಗೆ ಶಿಲೀಂಧ್ರನಾಶಕ ಸ್ನಾನ, ಎರಡೂ ಬೇಕು. ಬೆಕ್ಕನ್ನು ಒರೆಸಲು ಸುಲಭವಾದ ಒಂದು ಕೋಣೆಯಲ್ಲಿಟ್ಟು, ಉದುರಿದ ಕೂದಲನ್ನು ದಿನವೂ ಒದ್ದೆ ಬಟ್ಟೆಯಲ್ಲಿ ತೆಗೆಯಬೇಕು. ಪೊರಕೆಯಲ್ಲಿ ಗುಡಿಸಿದರೆ ಬೀಜಕಣ ಗಾಳಿಗೆ ಏಳುತ್ತದೆ. ಮಗುವನ್ನು ಚರ್ಮವೈದ್ಯರಿಗೆ ತೋರಿಸುವಾಗ ಮನೆಯಲ್ಲಿ ಬೆಕ್ಕಿದೆ ಎಂದು ಹೇಳಲೇಬೇಕು.

ನಮ್ಮಲ್ಲಿ ಹುಳುಕಡ್ಡಿಗೆಂದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಮೊದಲೆರಡು ದಿನ ಕೆಂಪು, ತುರಿಕೆ ತಗ್ಗುತ್ತದೆ, ಒಳಗೊಳಗೇ ಶಿಲೀಂಧ್ರ ಕೊಬ್ಬುತ್ತದೆ. ಮಕ್ಕಳಿಗೂ ಬೇಡ, ಬೆಕ್ಕಿಗಂತೂ ಬೇಡವೇ ಬೇಡ.

ಮಳೆ, ಕಾಡು, ಒಲೆ

ಕುತ್ತಿಗೆ, ಕಾಲು ಅಥವಾ ಬಾಲದ ಬುಡದಲ್ಲಿ ಇದ್ದಕ್ಕಿದ್ದಂತೆ ಬಿಸಿ ಗಡ್ಡೆ ಎದ್ದು ಬೆಕ್ಕು ಮಂಕಾದರೆ ಅದು ಜಗಳದ ಫಲ. ಇನ್ನೊಂದು ಬೆಕ್ಕಿನ ಚೂಪು ಹಲ್ಲು ಇಳಿದ ತೂತು ಬೇಗ ಮುಚ್ಚಿಕೊಂಡು ಒಳಗೆ ಕೀವು ತುಂಬುತ್ತದೆ. ವೈದ್ಯರು ಅದನ್ನು ಸೀಳಿ ತೊಳೆದು ಆ್ಯಂಟಿಬಯೋಟಿಕ್ ಕೊಡುತ್ತಾರೆ. ತಾನಾಗಿ ಒಡೆದ ಗಾಯ ಮಳೆಗಾಲದಲ್ಲಿ ತೆರೆದೇ ಇದ್ದರೆ ನೊಣ ಕೂತು ಹುಳ ಬೀಳುತ್ತದೆ. ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಎಣ್ಣೆಯನ್ನು ಬೆಕ್ಕಿನ ಗಾಯಕ್ಕೆ ಹಾಕಲೇಬಾರದು. ಗಂಡುಬೆಕ್ಕಿಗೆ ಸಂತಾನಹರಣ ಮಾಡಿಸಿದರೆ ಈ ಜಗಳಗಳೇ ಕಡಿಮೆಯಾಗುತ್ತವೆ.

ತೋಟದಿಂದ ಬಂದ ಬೆಕ್ಕಿನ ಕಾಲಿನಲ್ಲಿ ಇಂಬಳ ಕಚ್ಚಿದ್ದರೆ ಉಗುರಿನಿಂದ ಅದರ ಬಾಯನ್ನು ಪಕ್ಕಕ್ಕೆ ಸರಿಸಿ ಬಿಡಿಸಿ. ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ, ಹತ್ತಿಯಲ್ಲಿ ಒತ್ತಿ ಹಿಡಿಯಿರಿ. ಮೂಗಿನೊಳಗೆ ಸೇರಿದ್ದರೆ ಮಾತ್ರ ವೈದ್ಯರೇ ತೆಗೆಯಬೇಕು. ಉಣ್ಣೆಯನ್ನು ಚರ್ಮಕ್ಕೆ ತಾಗಿದ ಹಾಗೆ ಚಿಮುಟದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಬರಿಗೈಯಲ್ಲಿ ಹಿಸುಕಬೇಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಉಣ್ಣೆಯಿಂದ ಮನುಷ್ಯರಿಗೆ ಮಂಗನಕಾಯಿಲೆ ಬಂದಿರುವುದರಿಂದ ಕಾಡಂಚಿನ ಉಣ್ಣೆ ಯಾವ ಪ್ರಾಣಿಯ ಮೈಮೇಲಿದ್ದರೂ ಎಚ್ಚರ ಬೇಕು.

ಬಚ್ಚಲ ಒಲೆಯ ಬೂದಿಯಲ್ಲಿ ಮಲಗುವ ಬೆಕ್ಕಿಗೆ ಒಂದೇ ಪಕ್ಕದ ಕೂದಲು ಸೀದು, ತುದಿ ಕಂದಾಗಿ ಮುರುಟಿರುತ್ತದೆ. ಅದು ರೋಗವಲ್ಲ, ಚರ್ಮ ಸುಟ್ಟಿಲ್ಲವೆಂದು ನೋಡಿಕೊಂಡರೆ ಸಾಕು. ಗದ್ದದ ಕೆಳಗಿನ ಕಪ್ಪು ಚುಕ್ಕೆಗಳು ಒಂದು ಬಗೆಯ ಮೊಡವೆ; ಪ್ಲಾಸ್ಟಿಕ್ ಬಟ್ಟಲು ಬಿಟ್ಟು ಸ್ಟೀಲಿನದಕ್ಕೆ ಬದಲಿಸಿ ನೋಡಿ. ಸೊಳ್ಳೆ ಹೆಚ್ಚಾದಾಗ ಮೂಗಿನ ದಿಂಡು, ಕಿವಿಯ ಹೊರಬದಿಯಲ್ಲಿ ಮಾತ್ರ ಹುಣ್ಣಾಗುವ ಬೆಕ್ಕಿಗೆ ಸೊಳ್ಳೆ ಕಡಿತದ ಅಲರ್ಜಿ ಇರಬಹುದು, ಸಂಜೆಯಿಂದ ಒಳಗಿಟ್ಟರೆ ತಗ್ಗುತ್ತದೆ. ಬಿಳಿ ಬೆಕ್ಕಿನ ಕಿವಿತುದಿಯಲ್ಲೋ ಮೂಗಿನಲ್ಲೋ ವಾರಗಳಾದರೂ ಒಣಗದ ಹಕ್ಕಳೆ ಇದ್ದರೆ ತಡಮಾಡಬೇಡಿ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಹೀಗೆಯೇ ಶುರುವಾಗುತ್ತದೆ, ಬೇಗ ಕಂಡರೆ ಶಸ್ತ್ರಚಿಕಿತ್ಸೆಯಿಂದ ಉಳಿಸಬಹುದು.

ಹಚ್ಚಬಾರದ್ದು

ಚರ್ಮರೋಗಕ್ಕಿಂತ ಅದಕ್ಕೆ ಹಚ್ಚಿದ್ದೇ ಬೆಕ್ಕಿನ ಜೀವ ತೆಗೆಯುವುದುಂಟು. ನಾಯಿಗೂ ಮನುಷ್ಯರಿಗೂ ಇರುವ ಕೆಲವು ವಿಷನಿವಾರಕ ಕಿಣ್ವಗಳು ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಆದ್ದರಿಂದ ನಮಗೆ ಏನೂ ಮಾಡದ ವಸ್ತು ಅದಕ್ಕೆ ವಿಷ.

ಮೊದಲ ಹೆಸರು ಪರ್ಮೆಥ್ರಿನ್. ನಾಯಿಯ ಚಿಗಟಕ್ಕೆ ಸಿಗುವ ಎಷ್ಟೋ ಹನಿ, ಪೌಡರ್‌ಗಳಲ್ಲಿ ಇದು ಇರುತ್ತದೆ. ಮನುಷ್ಯರ ಕಜ್ಜಿಗೆ ಬರೆದುಕೊಡುವ 5% ಕ್ರೀಮಿನಲ್ಲೂ ಇರುವುದು ಇದೇ. ಮನೆಯಲ್ಲಿ ಉಳಿದದ್ದನ್ನು ಬೆಕ್ಕಿಗೆ ಹಚ್ಚಿದರೆ ಕೆಲವು ಗಂಟೆಗಳಲ್ಲಿ ಮೈ ನಡುಕ, ಜೊಲ್ಲು, ಆಮೇಲೆ ಅಪಸ್ಮಾರದಂತೆ ಸೆಳೆತ. ಹಸುಗಳ ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ಇದೇ ಜಾತಿಯವು, ಅಮಿಟ್ರಾಜ್ ಬೇರೆ ಜಾತಿಯದಾದರೂ ಬೆಕ್ಕಿಗೆ ಆಗದು. ಹಾಲು ಹಾಕುವ ಮನೆಗಳಲ್ಲಿ ಇವು ಕೈಗೆಟುಕುವಲ್ಲೇ ಇರುತ್ತವೆ, ಕೊಟ್ಟಿಗೆಗೆ ಹೊಡೆದ ಮೇಲೆ ಮಿಕ್ಕದ್ದನ್ನು ಬೆಕ್ಕಿಗೂ ಸವರುವ ರೂಢಿಯನ್ನು ದಯವಿಟ್ಟು ಬಿಡಿ.

ಸೀಮೆಎಣ್ಣೆ, ಹಳೆಯ ಇಂಜಿನ್ ಆಯಿಲ್, ಫಿನಾಯಿಲ್, ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಯಾವುದೂ ಬೇಡ. ಬೇವಿನೆಣ್ಣೆ ನಮ್ಮ ಹಿರಿಯರು ನಂಬಿದ ಮದ್ದು, ಆದರೆ ಗಟ್ಟಿ ಬೇವಿನೆಣ್ಣೆಯಿಂದ ಬೆಕ್ಕುಗಳಿಗೆ ವಿಷವೇರಿದ್ದುಂಟು. ಕೊಬ್ಬರಿಎಣ್ಣೆಗೆ ಅರಿಶಿನ ಕಲಸಿ ಹಚ್ಚುವುದರಿಂದ ಅಂಥ ಅಪಾಯವಿಲ್ಲ, ಆದರೆ ನುಸಿಯೂ ಸಾಯುವುದಿಲ್ಲ, ರೋಗ ಮುಂದುವರಿಯುತ್ತದೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡಬೇಡಿ; ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು. ತೋಟಕ್ಕೆ ಬೋರ್ಡೋ ಅಥವಾ ಕೀಟನಾಶಕ ಹೊಡೆಯುವ ದಿನ ಬೆಕ್ಕನ್ನು ಒಳಗೆ ಕೂಡಿಹಾಕಿ, ಪಾದಕ್ಕೆ ಅಂಟಿದ್ದೂ ನಾಲಿಗೆಗೇ ಹೋಗುವುದು.

ಈಗಾಗಲೇ ಏನಾದರೂ ಹಚ್ಚಿಬಿಟ್ಟಿದ್ದರೆ, ಬೆಕ್ಕಿಗೆ ಎಚ್ಚರವಿದ್ದರೆ, ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತೊಳೆದು, ಒರೆಸಿ, ಟವೆಲ್‌ನಲ್ಲಿ ಬೆಚ್ಚಗೆ ಸುತ್ತಿ ಆಸ್ಪತ್ರೆಗೆ ಹೊರಡಿ. ವಾಂತಿ ಮಾಡಿಸುವುದಾಗಲಿ ಹಾಲು ಕುಡಿಸುವುದಾಗಲಿ ಬೇಡ. ಹಚ್ಚಿದ ಔಷಧಿಯ ಡಬ್ಬಿ ಜತೆಯಲ್ಲಿರಲಿ.

ವೈದ್ಯರ ಎದುರು

ತಾಲ್ಲೂಕು ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ದನಕರುಗಳ ಕೆಲಸವೇ ಹೆಚ್ಚು, ಆದರೂ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವಂಥ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬಹುದು. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ವಾಸಿಯಾಗದೆ ಎಳೆದಾಡುತ್ತಿರುವ ಬೆಕ್ಕನ್ನು ಅಲ್ಲಿಗೆ ಒಯ್ಯುವುದು ಒಳ್ಳೆಯದು. ಹೋಗುವ ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಎಣ್ಣೆ ಸವರಬೇಡಿ, ಸಾಕ್ಷಿಯೆಲ್ಲ ತೊಳೆದುಹೋಗುತ್ತದೆ. ಗಾಯ ಶುರುವಾದಾಗಿನ ಫೋಟೊಗಳನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹಿಡಿಯುವಾಗ ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ರೇಬಿಸ್ ಲಸಿಕೆಗೆ ಹೋಗಿ.

ತುರಿಕೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಾರನೆಯ ದಿನವೇ ಬೆಕ್ಕು ನೆಮ್ಮದಿಯಿಂದ ಮಲಗುತ್ತದೆ. ಅಲರ್ಜಿಗೆ ಅದು ಸರಿಯಾದ ಔಷಧಿಯೂ ಹೌದು. ಆದರೆ ಕಾರಣ ಗೊತ್ತಾಗದೆ ತಿಂಗಳು ತಿಂಗಳೂ ಅದನ್ನೇ ಕೊಡಿಸುತ್ತಿದ್ದರೆ ಸಕ್ಕರೆ ಕಾಯಿಲೆ ಬರಬಹುದು, ಹುಳುಕಡ್ಡಿ ಇದ್ದರೆ ಕೆರಳುತ್ತದೆ. ಇಂಜೆಕ್ಷನ್‌ಗೆ ಮೊದಲು "ನುಸಿ, ಶಿಲೀಂಧ್ರ ಇಲ್ಲವೆಂದು ನೋಡಿದಿರಾ ಡಾಕ್ಟ್ರೆ?" ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಚಿಗಟ, ನುಸಿ, ಹುಳುಕಡ್ಡಿ ಯಾವುದೂ ಅಲ್ಲವೆಂದು ಗೊತ್ತಾದ ಮೇಲೂ ಬೆಕ್ಕು ವರ್ಷವಿಡೀ ತುರಿಸಿಕೊಳ್ಳುತ್ತಿದ್ದರೆ ಆಗ ಆಹಾರದ ಸರದಿ. ಇದಕ್ಕೆ ನಂಬಬಹುದಾದ ರಕ್ತಪರೀಕ್ಷೆ ಇಲ್ಲ. ಅದು ಇದುವರೆಗೆ ತಿನ್ನದ ಒಂದೇ ಬಗೆಯ ಮಾಂಸವನ್ನೋ ವೈದ್ಯರು ಹೇಳುವ ವಿಶೇಷ ಆಹಾರವನ್ನೋ ಸುಮಾರು ಎಂಟು ವಾರ ಕೊಡಬೇಕು, ಬೇರೆ ಏನನ್ನೂ ಕೊಡಬಾರದು. ಹಾಲು-ಅನ್ನ, ಒಣಮೀನು, ಪಕ್ಕದ ಮನೆಯವರು ಪ್ರೀತಿಯಿಂದ ಹಾಕುವ ಒಂದು ತುಂಡು, ಎಲ್ಲ ನಿಲ್ಲಬೇಕು. ಎಂಟು ವಾರದಲ್ಲಿ ತುರಿಕೆ ತಗ್ಗಿದರೆ ಹಳೆಯ ಆಹಾರವನ್ನು ಒಂದೊಂದಾಗಿ ಮತ್ತೆ ಕೊಟ್ಟು ನೋಡಿ. ಯಾವುದನ್ನು ಕೊಟ್ಟಾಗ ತುರಿಕೆ ಮರಳುತ್ತದೋ ಅದು ಆ ಬೆಕ್ಕಿನ ತಟ್ಟೆಗೆ ಇನ್ನು ಬೇಡ.